ಅಂಗೈ ಕಂಪ್ಯೂಟರಿಗೆ ಪ್ರೋಗ್ರಾಮಿಂಗ್ ಸಾಧನ ಕಟ್ಟುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲವು ವರ್ಷಗಳಿಂದ ಶನಿವಾರ ಮಧ್ಯಾಹ್ನ ನಮ್ಮೂರಿನ ಗ್ರಂಥಾಲಯದಲ್ಲಿ ಹೈಸ್ಕೂಲ್ ಮಕ್ಕಳಿಗೆ ಪ್ರೋಗ್ರಾಮಿಂಗ್ ಹೇಳಿಕೊಡುತ್ತಿದ್ದೇನೆ. ಬರುವ ಮಕ್ಕಳಲ್ಲಿ ಹೆಚ್ಚಿನವರ ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಅಮ್ಮನದೋ ಅಣ್ಣನದೋ ಒಂದು ಫೋನ್ ಇದೆ, ಅಷ್ಟೇ. ಅವರಿಗಾಗಿ ಫೋನಿನಲ್ಲೇ ಕೋಡ್ ಬರೆಯುವ ಒಂದು ಸಣ್ಣ ಎಡಿಟರ್ ಕಟ್ಟಲು ಹೊರಟೆ. ಆಗ ಕಲಿತದ್ದು, ಹಳೆಯ ಯಂತ್ರಗಳನ್ನು ಬಿಚ್ಚಿ ನೋಡಿ ತಿಳಿದದ್ದು ಎಲ್ಲ ಇಲ್ಲಿದೆ. ಇಂಥ ಸಾಧನ ಮಾಡಬೇಕೆಂದಿರುವವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ತರಹ ಇರುತ್ತವೆ. ಹಾಗಾಗಿ ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ.

## ಅಂಗೈ ಕಂಪ್ಯೂಟರ್ ಅಂದರೆ ಯಾವುದೆಲ್ಲ?

ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಬಳಸಬಹುದಾದ, ಪ್ರೋಗ್ರಾಂ ಹಾಕಿ ಓಡಿಸಬಹುದಾದ ಯಂತ್ರ. 1974ರ ಎಚ್‌ಪಿ-65 ಕ್ಯಾಲ್ಕ್ಯುಲೇಟರ್, 1980ರ ಶಾರ್ಪ್ ಪಿಸಿ-1211, 1986ರ ಸಯಾನ್ ಆರ್ಗನೈಸರ್ 2, 1996ರ ಪಾಮ್ ಪೈಲಟ್, ನಮ್ಮ ಬೆಂಗಳೂರಿನ ಸಿಂಪ್ಯೂಟರ್, ಶಾಲೆಗಳಲ್ಲಿ ಬಳಸುವ ಟಿಐ-83 ತರಹದ ಗ್ರಾಫ್ ಕ್ಯಾಲ್ಕ್ಯುಲೇಟರ್, ಈಗಿನ ಆಂಡ್ರಾಯ್ಡ್ ಫೋನ್. ಎಲ್ಲವೂ ಈ ಪಟ್ಟಿಯಲ್ಲಿ ಬರುತ್ತವೆ.

ಇವುಗಳ ಶಕ್ತಿಯಲ್ಲಿ ಅಜಗಜಾಂತರ ಇದೆ. ಎಚ್‌ಪಿ-65ರಲ್ಲಿ ಹಿಡಿಸುತ್ತಿದ್ದದ್ದು ಬರೀ 100 ಹೆಜ್ಜೆಗಳ ಪ್ರೋಗ್ರಾಂ. ಆದರೆ ಬೆರಳಿನ ಗಾತ್ರ ಬದಲಾಗಿಲ್ಲ. ಕಣ್ಣಿಗೂ ಪರದೆಗೂ ಇರುವ ದೂರವೂ ಅಷ್ಟೇ. ಅದಕ್ಕೇ ಐವತ್ತು ವರ್ಷ ಹಳೆಯ ಯಂತ್ರದಿಂದ ಈಗಲೂ ಕಲಿಯುವುದು ಬಹಳ ಇದೆ.

## ಲ್ಯಾಪ್‌ಟಾಪಿನಲ್ಲಿ ಬರೆದು ಫೋನಿಗೆ ಹಾಕಿದರೆ ಸಾಲದೇ?

ಲ್ಯಾಪ್‌ಟಾಪ್ ಇರುವವರಿಗೆ ಸಾಕು. ದೊಡ್ಡ ಆಪ್ ಕಟ್ಟುವವರು ಹಾಗೇ ಮಾಡುತ್ತಾರೆ. ಪಾಮ್ ಕಾಲದಲ್ಲೂ ದೊಡ್ಡ ಕಂಪ್ಯೂಟರಿನಲ್ಲಿ ಕೋಡ್‌ವಾರಿಯರ್ ಅನ್ನುವ ಸಾಧನ ಬಳಸಿ ಬರೆದು, ಎಮ್ಯುಲೇಟರಿನಲ್ಲಿ (ಒಂದು ಯಂತ್ರ ಇನ್ನೊಂದರಂತೆ ನಡೆದುಕೊಳ್ಳುವ ಹಾಗೆ ಮಾಡುವ ತಂತ್ರಾಂಶ) ಓಡಿಸಿ ನೋಡಿ, ಆಮೇಲೆ ಕೈಯಲ್ಲಿನ ಯಂತ್ರಕ್ಕೆ ಇಳಿಸುತ್ತಿದ್ದರು. ಕೋಡ್ ಟೈಪ್ ಮಾಡದೆ ಆಪ್ ಕಟ್ಟುವ ಆಪ್ ಇನ್ವೆಂಟರ್ ಕೂಡ ಇದೇ ದಾರಿಯದು. ಬ್ಲಾಕ್, ಅಂದರೆ ಆಜ್ಞೆ ಬರೆದ ತುಂಡುಗಳನ್ನು ಜೋಡಿಸುವುದು ಕಂಪ್ಯೂಟರಿನಲ್ಲಿ, ಪರೀಕ್ಷೆ ಫೋನಿನಲ್ಲಿ.

ಆದರೆ ಅದೇ ಕಾಲದಲ್ಲಿ ಪಾಮ್ ಮೇಲೇ ಕುಳಿತು ಪ್ರೋಗ್ರಾಂ ಬರೆಯುವವರೂ ಇದ್ದರು. ಪಾಕೆಟ್‌ಸಿ, ಲಿಸ್ಪ್‌ಮಿ, ಕ್ವಾರ್ಟಸ್ ಫೋರ್ತ್, ಹಾಟ್‌ಪಾ ಬೇಸಿಕ್ ಇವೆಲ್ಲ ಅವರಿಗಾಗಿ ಬಂದ ಸಾಧನಗಳು. 160ಕ್ಕೆ 160 ಚುಕ್ಕಿಯ ಪರದೆ, ಎರಡು ಸಣ್ಣ ಬ್ಯಾಟರಿ, ಒಂದು ಕಡ್ಡಿ ಪೆನ್ನು. ಲಿಸ್ಪ್‌ಮಿಯಂಥವು ಕೋಡನ್ನು ಪಾಮ್‌ನ ಮಾಮೂಲಿ ಮೆಮೊ ಪ್ಯಾಡಿನಿಂದಲೇ ಓದುತ್ತಿದ್ದವು. ಒಂದು ಮೆಮೊದಲ್ಲಿ ಸುಮಾರು 4 ಕಿಲೋಬೈಟ್ ಮಾತ್ರ ಹಿಡಿಸುತ್ತಿತ್ತು. ಇದು ಕೊರತೆ ಅಂತ ಕಾಣುತ್ತದೆ. ಆದರೆ ಇದರಲ್ಲಿ ಒಂದು ದೊಡ್ಡ ಜಾಣತನ ಇದೆ ನೋಡಿ: ಬಳಸುವವರು ಹೊಸ ಎಡಿಟರ್ ಕಲಿಯಬೇಕಿಲ್ಲ. ದಿನಸಿ ಪಟ್ಟಿ ಬರೆಯುವ ಜಾಗದಲ್ಲೇ ಪ್ರೋಗ್ರಾಮನ್ನೂ ಬರೆದರಾಯಿತು.

ಲ್ಯಾಪ್‌ಟಾಪ್ ಇಲ್ಲದ ಮಗುವಿಗೆ ಆಯ್ಕೆಯೇ ಇಲ್ಲ. ಬರೆಯುವುದು, ಓಡಿಸುವುದು, ತಪ್ಪು ಹುಡುಕುವುದು, ತಿದ್ದುವುದು ನಾಲ್ಕೂ ಆ ಒಂದೇ ಫೋನಿನಲ್ಲಿ ಆಗಬೇಕು. ನಾಲ್ಕರಲ್ಲಿ ಒಂದನ್ನು ಬೇರೆ ಕಡೆಗೆ ತಳ್ಳಿದರೂ ಆ ಮಗು ಅಲ್ಲೇ ನಿಂತುಬಿಡುತ್ತದೆ. ಈ ಪುಟದ ಮಿಕ್ಕ ಉತ್ತರಗಳನ್ನೆಲ್ಲ ಅಂಥ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದ್ದೇನೆ.

## ಎಲ್ಲಿಂದ ಶುರು ಮಾಡಬೇಕು? ಎಡಿಟರಾ, ಕಂಪೈಲರಾ?

ಎರಡೂ ಅಲ್ಲ. ಕೀಲಿಗಳಿಂದ. ಕಂಪೈಲರ್ (ಬರೆದ ಕೋಡನ್ನು ಯಂತ್ರಕ್ಕೆ ತಿಳಿಯುವ ರೂಪಕ್ಕೆ ತಿರುಗಿಸುವ ತಂತ್ರಾಂಶ) ಎಷ್ಟೇ ಚೆನ್ನಾಗಿರಲಿ, ಒಂದು ಸಾಲು ಟೈಪ್ ಮಾಡಲು ಎರಡು ನಿಮಿಷ ಹಿಡಿದರೆ ಯಾರೂ ಮುಂದೆ ಹೋಗುವುದಿಲ್ಲ.

ಇದಕ್ಕೆ ಹಳಬರು ಕಂಡುಕೊಂಡ ಉಪಾಯ ನನಗೆ ಬಹಳ ಇಷ್ಟ. ಶುರುವಿನ ಎಚ್‌ಪಿ ಕ್ಯಾಲ್ಕ್ಯುಲೇಟರುಗಳಲ್ಲಿ ಅಕ್ಷರ ಟೈಪ್ ಮಾಡುವುದೇ ಇರಲಿಲ್ಲ. ನೀವು ಒತ್ತುವ ಕೀಲಿಯೇ ಪ್ರೋಗ್ರಾಮಿನ ಹೆಜ್ಜೆ. ಪರದೆಯ ಮೇಲೆ ಆ ಕೀಲಿ ಎಷ್ಟನೇ ಸಾಲಿನದು, ಎಷ್ಟನೇ ಕಂಬದ್ದು ಅನ್ನುವ ಅಂಕಿ ಕಾಣುತ್ತಿತ್ತು. 1975ರ ಎಚ್‌ಪಿ-25ರಲ್ಲಿ ಇದ್ದದ್ದು 49 ಹೆಜ್ಜೆ. ಅದರಲ್ಲಿ ಎರಡು ಮೂರು ಕೀಲಿ ಸೇರಿ ಆಗುವ ಕೆಲಸವನ್ನೂ ಒಂದೇ ಹೆಜ್ಜೆಯಾಗಿ ಹೊಂದಿಸಿದ್ದರು. ಹಾಗಾಗಿ 49 ಅಂದರೂ ಕೆಲಸ ಜಾಸ್ತಿ ಆಗುತ್ತಿತ್ತು.

ಟಿಐ ಕ್ಯಾಲ್ಕ್ಯುಲೇಟರುಗಳು ಇದನ್ನೇ ಇನ್ನೊಂದು ಹೆಜ್ಜೆ ಮುಂದೆ ಒಯ್ದವು. ಪರದೆಯ ಮೇಲೆ ಬರಿಸುವ 'ಡಿಸ್ಪ್' ಅನ್ನುವ ಆಜ್ಞೆಯನ್ನು ಅಲ್ಲಿ ಅಕ್ಷರ ಅಕ್ಷರವಾಗಿ ಟೈಪ್ ಮಾಡುವುದಿಲ್ಲ. ಮೆನು ತೆರೆದು ಆರಿಸುತ್ತೀರಿ. ಇಡೀ ಪದ ಒಂದೇ ಸಲ ಬಂದು ಕೂರುತ್ತದೆ. ಅಳಿಸಿದರೆ ಇಡೀ ಪದ ಹೋಗುತ್ತದೆ. ಒಳಗೆ ಅದು ಒಂದೇ ಬೈಟ್. ಇದನ್ನು ಟೋಕನ್ ಅನ್ನುತ್ತಾರೆ. ಒಂದೇ ಉಪಾಯದಿಂದ ಮೂರು ಲಾಭ: ಟೈಪಿಂಗ್ ಕಡಿಮೆ, ಕಾಗುಣಿತ ತಪ್ಪಾಗುವುದೇ ಇಲ್ಲ, ಮೆಮೊರಿಯೂ ಉಳಿತಾಯ. ಇನ್ನೊಂದು ಲಾಭವೂ ಇದೆ. ಮೆನು ನೋಡಿದರೆ ಭಾಷೆಯಲ್ಲಿ ಏನೇನಿದೆ ಅಂತ ಗೊತ್ತಾಗುತ್ತದೆ. ಪುಸ್ತಕ ಇಲ್ಲದೆ ಕಲಿಯುವ ಮಕ್ಕಳಿಗೆ ಆ ಮೆನುವೇ ಪುಸ್ತಕ.

ನಿಮ್ಮ ಫೋನ್ ಎಡಿಟರಿನಲ್ಲೂ ಟೋಕನ್ ತರಹ ಯೋಚಿಸಿ. 'ಇಫ್', 'ಫಾರ್', 'ಪ್ರಿಂಟ್' ಇವಕ್ಕೆ ಒಂದೊಂದು ಗುಂಡಿ. ಬಳಸುವವರು ತಾವೇ ಇಟ್ಟ ಹೆಸರುಗಳೂ ಪಟ್ಟಿಯಾಗಿ ಬರಲಿ. ಒಂದು ಹೆಸರನ್ನು ಒಮ್ಮೆ ಟೈಪ್ ಮಾಡಿದ ಮೇಲೆ ಎರಡನೇ ಸಲ ಟೈಪ್ ಮಾಡುವಂತೆ ಆಗಬಾರದು.

## ಫೋನಿನ ಕೀಲಿಮಣೆಯನ್ನೇ ಬಳಸಲಾ, ನನ್ನದೇ ಮಾಡಲಾ?

ಮೊದಲು ಫೋನಿನದೇ ಬಳಸಿ. ಅದರ ಮೇಲೆ ಒಂದು ಪಟ್ಟಿ ಸೇರಿಸಿ. ಫೋನಿನಲ್ಲೇ ಲಿನಕ್ಸ್ ಆಜ್ಞೆಗಳನ್ನು ಟೈಪ್ ಮಾಡಿ ಓಡಿಸುವ ಟರ್ಮಕ್ಸ್ ಆಪ್ ನೋಡಿದವರಿಗೆ ಗೊತ್ತು, ಕೀಲಿಮಣೆಯ ಮೇಲೆ ಎಸ್ಕೇಪ್, ಟ್ಯಾಬ್, ಕಂಟ್ರೋಲ್, ಬಾಣದ ಗುರುತುಗಳ ಸಾಲು ಇರುತ್ತದೆ. ನಿಮ್ಮ ಭಾಷೆಗೆ ಬೇಕಾದ ಆವರಣ, ಸಮ ಚಿಹ್ನೆ, ಉಲ್ಲೇಖ ಚಿಹ್ನೆಗಳನ್ನು ಆ ಪಟ್ಟಿಗೆ ಹಾಕಿ. ಮಾಮೂಲಿ ಕೀಲಿಮಣೆಯಲ್ಲಿ { ಬೇಕೆಂದರೆ ಎರಡು ಸಲ ಪುಟ ಬದಲಿಸಬೇಕು. ಒಂದು ಪುಟ್ಟ ಪ್ರೋಗ್ರಾಮಿನಲ್ಲಿ ಅದು ಎಷ್ಟು ಸಲ ಬರುತ್ತದೆ ಅಂತ ಎಣಿಸಿ ನೋಡಿ.

ಗುಂಡಿಗಳು ತೀರಾ ಚಿಕ್ಕದಾಗದಿರಲಿ. ಆಂಡ್ರಾಯ್ಡ್ ಮಾರ್ಗಸೂಚಿ ಹೇಳುವ ಅಳತೆ ಸುಮಾರು 9 ಮಿಲಿಮೀಟರ್. ಐದನೇ ಸಾಲಿಗೂ ಜಾಗ ಮಾಡೋಣ ಅಂತ ಇದನ್ನು 6ಕ್ಕೆ ಇಳಿಸುವ ಆಸೆ ಬರುತ್ತದೆ. ಇಳಿಸಬೇಡಿ.

ಇನ್ನು ಮರೆಯಲೇಬಾರದ ಸಂಗತಿ. ಕೋಡ್ ಬರೆಯುವ ಜಾಗದಲ್ಲಿ ತಾನಾಗಿ ತಿದ್ದುವ ಸೌಲಭ್ಯ, ಸಾಲಿನ ಮೊದಲ ಅಕ್ಷರ ದೊಡ್ಡದಾಗುವುದು, ನೇರ ಉಲ್ಲೇಖ ಚಿಹ್ನೆ ಬಾಗಿದ ಚಿಹ್ನೆಯಾಗುವುದು ಮೂರನ್ನೂ ಆಫ್ ಮಾಡಿಡಿ. ಬಾಗಿದ ಉಲ್ಲೇಖ ಚಿಹ್ನೆಯಿಂದ ಬರುವ ತಪ್ಪು ಮಕ್ಕಳ ಕಣ್ಣಿಗೆ ಕಾಣುವುದೇ ಇಲ್ಲ. ಒಂದು ಮಧ್ಯಾಹ್ನವಿಡೀ ಒಬ್ಬಳು ಹುಡುಗಿ ಸರಿಯಾದ ಕೋಡನ್ನೇ ಮತ್ತೆ ಮತ್ತೆ ಬರೆದಳು. ತನಗೆ ಇದು ಬರುವುದಿಲ್ಲ ಅಂದುಕೊಂಡಳು. ಅವಳಿಗೆ ಎಲ್ಲ ಬರುತ್ತಿತ್ತು. ಕೀಲಿಮಣೆ ಅವಳ ಚಿಹ್ನೆಯನ್ನು ಬದಲಿಸುತ್ತಿತ್ತು. ಅವತ್ತಿನ ಅವಳ ಮುಖ ನನಗೆ ಇನ್ನೂ ನೆನಪಿದೆ.

## ಪರದೆ ಇಷ್ಟೇ ಇಷ್ಟು. ಕೋಡ್ ಹೇಗೆ ತೋರಿಸುವುದು?

ಫೋನನ್ನು ನೆಟ್ಟಗೆ ಹಿಡಿದರೆ ಓದಬಹುದಾದ ಅಕ್ಷರದಲ್ಲಿ ಒಂದು ಸಾಲಿಗೆ ಸುಮಾರು 40 ಅಕ್ಷರ ಹಿಡಿಸುತ್ತದೆ. ಕೀಲಿಮಣೆ ತೆರೆದರೆ ಅರ್ಧ ಪರದೆ ಹೋಯಿತು. ಆದರೂ ಇದು ಅರಮನೆ. ಟಿಐ-83ರಲ್ಲಿ ಇದ್ದದ್ದು 16 ಅಕ್ಷರದ 8 ಸಾಲು. ಆರ್ಗನೈಸರ್ 2ರಲ್ಲಿ 16 ಅಕ್ಷರದ 2 ಸಾಲು. ಅದರಲ್ಲೂ ಜನ ಆ ಯಂತ್ರದ್ದೇ ಆದ ಓಪಿಎಲ್ ಭಾಷೆಯಲ್ಲಿ ನಿಜವಾದ ಕೆಲಸದ ಪ್ರೋಗ್ರಾಂ ಬರೆದರು.

ನಾನು ಪಾಲಿಸುವ ಕೆಲವು ನಿಯಮಗಳನ್ನು ಹೇಳುತ್ತೇನೆ. ಸಾಲಿನ ಮುಂದಿನ ಖಾಲಿ ಜಾಗ 4ರ ಬದಲು 2 ಇರಲಿ. ಉದ್ದದ ಸಾಲನ್ನು ಪಕ್ಕಕ್ಕೆ ಜಾರಿಸಿ ಓದುವಂತೆ ಮಾಡಬೇಡಿ. ಮಡಚಿ ಕೆಳಗೆ ಇಳಿಸಿ, ಇಳಿದ ಭಾಗವನ್ನು ಸ್ವಲ್ಪ ಒಳಗೆ ತಳ್ಳಿ, ಆಗ ಇದು ಹೊಸ ಸಾಲಲ್ಲ ಅಂತ ಗೊತ್ತಾಗುತ್ತದೆ. ಒಂದು ಸಲಕ್ಕೆ ಒಂದೇ ಫಂಕ್ಷನ್ (ಒಂದು ಕೆಲಸ ಮಾಡುವ ಕೋಡಿನ ತುಂಡು) ತೋರಿಸಿ. ಇಡೀ ಫೈಲನ್ನು ಉದ್ದಕ್ಕೆ ಸುರಿಯುವ ಅಭ್ಯಾಸ ಮೇಜಿನ ಕಂಪ್ಯೂಟರಿನಿಂದ ಬಂದದ್ದು. ಬೆರಳಿನಲ್ಲಿ ಉಜ್ಜುತ್ತಾ 300 ಸಾಲು ದಾಟುವಷ್ಟರಲ್ಲಿ ಏನು ಹುಡುಕುತ್ತಿದ್ದೆವು ಅಂತಲೇ ಮರೆತುಹೋಗುತ್ತದೆ.

ಫೋರ್ತ್ ಭಾಷೆಯವರು ಇದನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಅವರ ಹಳೆಯ ಪದ್ಧತಿಯಲ್ಲಿ ಕೋಡ್ ಇರುತ್ತಿದ್ದದ್ದು 1024 ಅಕ್ಷರದ ತುಂಡುಗಳಲ್ಲಿ. ಒಂದು ತುಂಡು ಅಂದರೆ 64 ಅಕ್ಷರದ 16 ಸಾಲು, ಸರಿಯಾಗಿ ಒಂದು ನೋಟಕ್ಕೆ ಸಾಕಾಗುವಷ್ಟು. ಜಾಗ ಕಡಿಮೆ ಅಂತ ಗೊತ್ತಿದ್ದಾಗ ಬರೆಯುವವರೂ ಕೆಲಸವನ್ನು ಸಣ್ಣ ಸಣ್ಣ ತುಂಡು ಮಾಡುತ್ತಾರೆ.

## ಯಾವ ಭಾಷೆ ಒಳ್ಳೆಯದು?

ಕಲಿಯುವವರಿಗಾದರೆ ಪೈಥಾನ್ ಅಥವಾ ಲುವಾ. ಪೈಥಾನಿನಲ್ಲಿ ಚಿಹ್ನೆ ಕಡಿಮೆ. ಮುಂದೆ ಕಾಲೇಜಿಗೆ ಹೋದರೂ ಅದೇ ಸಿಗುತ್ತದೆ. ಫ್ರಾನ್ಸಿನ ನಮ್‌ವರ್ಕ್ಸ್ ಕ್ಯಾಲ್ಕ್ಯುಲೇಟರಿನಲ್ಲಿ ಪೈಥಾನ್ ಇದೆ. ಪೈಥಾನಿನ ಪುಟ್ಟ ರೂಪವಾದ ಮೈಕ್ರೋಪೈಥಾನ್ 256 ಕಿಲೋಬೈಟ್ ಕೋಡ್ ಜಾಗ, 16 ಕಿಲೋಬೈಟ್ ರ‍್ಯಾಮ್ ಇದ್ದರೂ ಓಡುವಂತೆ ಮಾಡಿದ್ದು. ಲುವಾ ಇನ್ನೂ ಹಗುರ. ಕೋಡನ್ನು ಓದಿ ನೇರವಾಗಿ ಓಡಿಸುವ ಇಡೀ ಇಂಟರ್‌ಪ್ರಿಟರ್ ಕೆಲವು ನೂರು ಕಿಲೋಬೈಟ್ ಅಷ್ಟೇ. ನಿಮ್ಮ ಆಪ್ ಒಳಗೆ ಸುಲಭವಾಗಿ ಕೂರಿಸಬಹುದು.

ಬೆರಳಿಗೆ ಅತಿ ಹಿತವಾದ ಭಾಷೆ ಯಾವುದು ಅಂತ ಕೇಳಿದರೆ ನಾನು ಫೋರ್ತ್ ಅನ್ನುತ್ತೇನೆ. ಪದ, ಖಾಲಿ ಜಾಗ, ಪದ, ಖಾಲಿ ಜಾಗ, ಅಷ್ಟೇ. ಲಿಸ್ಪ್‌ಗೂ ಮುಖ್ಯವಾಗಿ ಬೇಕಾದದ್ದು ಎರಡು ಆವರಣ. ಅದನ್ನೂ ಎಡಿಟರೇ ಹೊಂದಿಸಿ ಹಾಕಬಹುದು. ಆದರೆ ಇವೆರಡನ್ನೂ ಓದಿ ಅರ್ಥ ಮಾಡಿಕೊಳ್ಳಲು ಹೊಸಬರಿಗೆ ಕಷ್ಟ. ಬರೆಯುವ ಸುಖ, ಓದುವ ಸುಖ ಎರಡನ್ನೂ ತೂಗಿ ನೋಡಿ ನಾನು ಪೈಥಾನ್ ಹಿಡಿದೆ.

## ಬ್ಲಾಕ್ ಜೋಡಿಸುವ ಪದ್ಧತಿ ಫೋನಿಗೆ ಸರಿ ಅಲ್ವಾ?

ಟ್ಯಾಬ್ಲೆಟ್‌ಗೆ ಬಹಳ ಸರಿ. ಬ್ಲಾಕ್ ಭಾಷೆ ಸ್ಕ್ರ್ಯಾಚ್‌ನ ಪುಟ್ಟ ಮಕ್ಕಳ ರೂಪವಾದ ಸ್ಕ್ರ್ಯಾಚ್‌ಜೂನಿಯರ್ 2014ರಲ್ಲಿ ಮೊದಲು ಬಂದದ್ದು ಐಪ್ಯಾಡಿಗೆ. ಫೋನಿನಲ್ಲಿ ಮಾತ್ರ ಒಂದು ತೊಡಕು ಇದೆ. ಎಳೆಯುವ ಬೆರಳೇ ಎಳೆಯುತ್ತಿರುವ ಬ್ಲಾಕನ್ನು ಮುಚ್ಚುತ್ತದೆ. ಬ್ಲಾಕುಗಳ ಪಟ್ಟಿ, ಜೋಡಿಸುವ ಜಾಗ, ಚಿತ್ರ ಓಡುವ ಜಾಗ ಮೂರೂ ಒಂದೇ ಪರದೆಯಲ್ಲಿ ಹಿಡಿಸುವುದಿಲ್ಲ. ಆಸ್ಟ್ರಿಯಾದ ಗ್ರಾತ್ಸ್‌ನಲ್ಲಿ ಹುಟ್ಟಿದ ಪಾಕೆಟ್ ಕೋಡ್ ಫೋನಿಗೆಂದೇ ಮಾಡಿದ್ದು. ಅದರಲ್ಲಿ ಈ ಮೂರನ್ನೂ ಬೇರೆ ಬೇರೆ ಪರದೆ ಮಾಡಿದ್ದಾರೆ. ನೋಡಿ ಕಲಿಯುವಂಥದ್ದು.

ನಡುವಿನ ದಾರಿಯೂ ಇದೆ. ಮೈಕ್ರೋಸಾಫ್ಟ್ ರಿಸರ್ಚ್ 2011ರಲ್ಲಿ ಟಚ್‌ಡೆವಲಪ್ ತಂದಿತು. ಅಲ್ಲಿ ಕೋಡ್ ಅಕ್ಷರದ ರೂಪದಲ್ಲೇ ಕಾಣುತ್ತಿತ್ತು. ಆದರೆ ಸಾಲನ್ನು ಮುಟ್ಟಿದರೆ, ಈ ಜಾಗದಲ್ಲಿ ಏನೇನು ಬರಬಹುದೋ ಅಷ್ಟನ್ನೇ ಗುಂಡಿಗಳಾಗಿ ತೋರಿಸುತ್ತಿತ್ತು. ಎಳೆಯಬೇಕಿರಲಿಲ್ಲ, ಅಕ್ಷರ ಅಕ್ಷರ ಟೈಪೂ ಮಾಡಬೇಕಿರಲಿಲ್ಲ. 2019ರಲ್ಲಿ ಅದನ್ನು ನಿಲ್ಲಿಸಿದರು. ನನ್ನ ಮಟ್ಟಿಗೆ ಫೋನಿಗೆ ಒಪ್ಪುವ ಅತ್ಯುತ್ತಮ ಆಲೋಚನೆ ಅದೇ. ಯಾರಾದರೂ ಅದನ್ನು ಮತ್ತೆ ಕೈಗೆತ್ತಿಕೊಂಡರೆ ನನಗೆ ಬಹಳ ಸಂತೋಷ.

## ಕೋಡ್ ಬರೆಯುತ್ತಿರುವಾಗ ಕರೆ ಬಂದರೆ?

ಕರೆ ಬಂದೇ ಬರುತ್ತದೆ. ಅಮ್ಮನ ಫೋನ್ ಅದು. ಚಿಕ್ಕಮ್ಮ ಫೋನ್ ಮಾಡುತ್ತಾರೆ, ಗ್ಯಾಸ್ ಸಿಲಿಂಡರಿನ ಒಟಿಪಿ ಬರುತ್ತದೆ, ಚಾರ್ಜ್ ಮುಗಿಯುತ್ತದೆ. ಫೋನ್ ನಿಮ್ಮ ಆಪನ್ನು ಹಿಂದಕ್ಕೆ ತಳ್ಳುತ್ತದೆ, ರ‍್ಯಾಮ್ ಸಾಲದಿದ್ದರೆ ಮುಚ್ಚಿಯೇ ಬಿಡುತ್ತದೆ. ಕಡಿಮೆ ಬೆಲೆಯ ಫೋನಿನಲ್ಲಿ ಇದು ದಿನಾ ಆಗುವ ಮಾತು.

ಆದ್ದರಿಂದ 'ಉಳಿಸು' ಅನ್ನುವ ಗುಂಡಿಯೇ ಬೇಡ. ಪಾಮ್‌ನಲ್ಲಿ ಅದು ಇರಲೇ ಇಲ್ಲ. ಬರೆದದ್ದು ಬರೆದ ಕ್ಷಣವೇ ಉಳಿಯುತ್ತಿತ್ತು. ಬೇರೆ ಆಪಿಗೆ ಹೋಗಿ ವಾಪಸು ಬಂದರೂ ಬಿಟ್ಟ ಜಾಗದಲ್ಲೇ ಇರುತ್ತಿದ್ದಿರಿ. ನಿಮ್ಮ ಸಾಧನವೂ ಹಾಗಿರಲಿ. ಪ್ರತಿ ಅಕ್ಷರಕ್ಕೂ ಉಳಿಸಿ. ಕೋಡಿನ ಜೊತೆ ಕರ್ಸರ್ ಎಲ್ಲಿತ್ತು, ಯಾವ ಫಂಕ್ಷನ್ ತೆರೆದಿತ್ತು, ಮಾಡಿದ್ದನ್ನು ರದ್ದುಮಾಡಿ ಹಿಂದಕ್ಕೆ ಹೋಗುವ ಇತಿಹಾಸ ಏನು, ಅದನ್ನೂ ಉಳಿಸಿ. ಇತಿಹಾಸ ಉಳಿಸದೆ ಬರೀ ಕೋಡ್ ಉಳಿಸಿದರೆ ಇನ್ನೊಂದು ಅಪಾಯ ಇದೆ. ತಮ್ಮ ಬಂದು ಎಲ್ಲ ಅಳಿಸಿಬಿಟ್ಟ ಅನ್ನಿ, ಆ ಖಾಲಿ ಪುಟವೂ ಅಷ್ಟೇ ಶ್ರದ್ಧೆಯಿಂದ ಉಳಿದುಬಿಡುತ್ತದೆ.

## ತಪ್ಪು ಬಂದಾಗ ಏನು ತೋರಿಸಬೇಕು?

ಟಿಐ-83 ನೆನೆಸಿಕೊಳ್ಳಿ. ಪ್ರೋಗ್ರಾಂ ಕೆಟ್ಟರೆ ತಪ್ಪಿನ ಹೆಸರು ಒಂದು ಸಾಲು ಬರುತ್ತದೆ. ಅದರ ಕೆಳಗೆ ಎರಡೇ ಆಯ್ಕೆ: 1 ಅಂದರೆ ಬಿಟ್ಟುಬಿಡು, 2 ಅಂದರೆ ಅಲ್ಲಿಗೆ ಹೋಗು. ಎರಡನ್ನು ಒತ್ತಿದರೆ ಎಡಿಟರ್ ತೆರೆದು ಕರ್ಸರ್ ತಪ್ಪಿನ ಜಾಗದಲ್ಲಿ ನಿಲ್ಲುತ್ತದೆ. ಈಗಿನ ಎಷ್ಟೋ ಫೋನ್ ಆಪ್‌ಗಳು 'ಸಾಲು 14' ಅಂತ ಕೆಂಪಕ್ಷರ ತೋರಿಸಿ ಸುಮ್ನೆ ಇರುತ್ತವೆ. ಆ ಹದಿನಾಲ್ಕನೇ ಸಾಲನ್ನು ನಾವೇ ಹುಡುಕಿಕೊಂಡು ಹೋಗಬೇಕು.

ಅದೇ ಕ್ಯಾಲ್ಕ್ಯುಲೇಟರಿನ ಇನ್ನೊಂದು ಒಳ್ಳೆಯ ಗುಣ: ಪ್ರೋಗ್ರಾಂ ನಿಲ್ಲದೆ ಸುತ್ತುತ್ತಿದ್ದರೆ ಆನ್ ಕೀಲಿ ಒತ್ತಿದರೆ ಸಾಕು, ನಿಲ್ಲುತ್ತದೆ. ಆಗಲೂ ಅದೇ ಎರಡು ಆಯ್ಕೆ. ನಿಮ್ಮ ಸಾಧನದಲ್ಲೂ 'ನಿಲ್ಲಿಸು' ಗುಂಡಿ ಯಾವಾಗಲೂ ಒಂದೇ ಜಾಗದಲ್ಲಿ ಇರಲಿ, ಯಾವಾಗಲೂ ಕೆಲಸ ಮಾಡಲಿ. ಅಂದರೆ ಪ್ರೋಗ್ರಾಂ ಓಡುವ ಎಳೆ (ಥ್ರೆಡ್, ಒಂದೇ ಹೊತ್ತಿನಲ್ಲಿ ಪ್ರತ್ಯೇಕವಾಗಿ ನಡೆಯುವ ಕೆಲಸ) ಬೇರೆ, ಪರದೆ ನೋಡಿಕೊಳ್ಳುವ ಎಳೆ ಬೇರೆ ಇರಬೇಕು. ಇದನ್ನು ಮೊದಲ ದಿನವೇ ಕಟ್ಟಿ. ಆಮೇಲೆ ಸೇರಿಸುವುದು ಬಹಳ ಕಷ್ಟ.

ತಪ್ಪಿನ ಸಂದೇಶ ಕನ್ನಡದಲ್ಲಿರಲಿ. 'ಇಲ್ಲಿ ಆವರಣ ಮುಚ್ಚಿಲ್ಲ' ಅಂತ ಸಾಲಿನ ಪಕ್ಕದಲ್ಲೇ ಹೇಳಿದರೆ ಏಳನೇ ತರಗತಿಯ ಮಗುವೂ ತಾನೇ ಸರಿಮಾಡಿಕೊಳ್ಳುತ್ತದೆ.

## ಕನ್ನಡದಲ್ಲೇ ಕೋಡ್ ಬರೆಯಬಹುದಾ?

ಬಹುದು. ಒಂದಷ್ಟು ಈಗಲೇ ಆಗುತ್ತದೆ. ಪೈಥಾನ್ 3ರಲ್ಲಿ ಕನ್ನಡದ ಹೆಸರುಗಳನ್ನು ಇಡಬಹುದು. ಅಂಕ = 35, ಹೆಸರು = "ಗೌರಿ" ಅಂತ ಬರೆದರೆ ಓಡುತ್ತದೆ. ಆದರೆ ಸಾಧನ ಮಾಡುವವರು ತಿಳಿದಿರಬೇಕಾದ ಮುಳ್ಳುಗಳು ಹಲವು ಇವೆ. ಇವನ್ನು ಬೇರೆ ಭಾಷೆಯ ಪುಸ್ತಕಗಳು ಹೇಳಿಕೊಡುವುದಿಲ್ಲ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲನೆಯದು ಎಣಿಕೆ. 'ಶಿಕ್ಷಕ' ಅಂದರೆ ನಮಗೆ ಮೂರು ಅಕ್ಷರ. ಕಂಪ್ಯೂಟರುಗಳು ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್ ಲೆಕ್ಕದಲ್ಲಿ ಅದು ಆರು: ಶ, ಗುಡಿಸು, ಕ, ಅರ್ಧಾಕ್ಷರದ ಗುರುತು, ಷ, ಕ. ಉದ್ದ ಎಷ್ಟು ಅಂತ ಪೈಥಾನನ್ನು ಕೇಳಿದರೆ 6 ಅನ್ನುತ್ತದೆ. ಫೈಲಿನಲ್ಲಿ ಅದು ತೆಗೆದುಕೊಳ್ಳುವುದು 18 ಬೈಟ್. ನಿಮ್ಮ ಎಡಿಟರ್ 'ತಪ್ಪು 9ನೇ ಅಕ್ಷರದಲ್ಲಿದೆ' ಅಂದರೆ, ಕಣ್ಣಿಗೆ ಕಾಣುವ ಒಂಬತ್ತನೇ ಅಕ್ಷರ ಅದಾಗಿರುವುದಿಲ್ಲ. ಅಂಕಿ ಹೇಳುವ ಬದಲು ಆ ಜಾಗಕ್ಕೆ ಬಣ್ಣ ಹಚ್ಚಿ ತೋರಿಸಿ.

ಎರಡನೆಯದು ಕಣ್ಣಿಗೆ ಕಾಣದ ಅಕ್ಷರಗಳು. 'ಸಾಫ್ಟ್‌ವೇರ್' ಅಂತ ಬಿಡಿಸಿ ಬರೆಯಲು ನಡುವೆ ಒಂದು ಅದೃಶ್ಯ ಗುರುತು ಹಾಕಬೇಕು. ಇಲ್ಲದಿದ್ದರೆ ವಕಾರ ಒತ್ತಾಗಿಬಿಡುತ್ತದೆ. 'ರ‍್ಯಾಂಕ್' ಬರೆಯಲು ಇನ್ನೊಂದು ಅದೃಶ್ಯ ಗುರುತು ಬೇಕು. ಇವು ಸರಿಯಾದ ಕನ್ನಡಕ್ಕೆ ಬೇಕೇ ಬೇಕು. ಆದರೆ ಪೈಥಾನ್ ಹೆಸರುಗಳಲ್ಲಿ ಇವೆರಡನ್ನೂ ಒಪ್ಪುವುದಿಲ್ಲ, ತಪ್ಪು ಅನ್ನುತ್ತದೆ. ಜಾವಾಸ್ಕ್ರಿಪ್ಟ್ ಹೆಸರಿನ ನಡುವೆ ಬಂದರೆ ಒಪ್ಪುತ್ತದೆ. ಮಗು ರ‍್ಯಾಂಕ್ = 1 ಅಂತ ಬರೆದು ತಪ್ಪು ಬಂದಾಗ, ನಿಮ್ಮ ಸಾಧನ ಕಾರಣವನ್ನು ತಿಳಿಹೇಳಬೇಕು. ಇಲ್ಲವೇ ಒಳಗೊಳಗೇ ಆ ಹೆಸರನ್ನು ಬೇರೆ ರೂಪಕ್ಕೆ ಬದಲಿಸಿ ಓಡಿಸಬೇಕು. ನಾನು ಎರಡನೆಯದನ್ನು ಮಾಡಿದೆ.

ಮೂರನೆಯದು ಅಂಕಿ. ಪೈಥಾನಿನಲ್ಲಿ "೧೨" ಅನ್ನುವ ಪಠ್ಯವನ್ನು ಸಂಖ್ಯೆ ಮಾಡು ಅಂದರೆ ಸರಿಯಾಗಿ 12 ಮಾಡುತ್ತದೆ. ಅದೇ ಕೋಡಿನಲ್ಲಿ ನೇರವಾಗಿ ೧೨ ಅಂತ ಬರೆದರೆ ಒಪ್ಪುವುದಿಲ್ಲ.

ನಾಲ್ಕನೆಯದು ಸಾಲಿನ ಎತ್ತರ. 'ಸ್ತ್ರೀ' ಬರೆದು ನೋಡಿ, ಒತ್ತಕ್ಷರ ಕೆಳಗೆ ಎಷ್ಟು ಇಳಿಯುತ್ತದೆ! ಇಂಗ್ಲಿಷಿಗೆ ಅಂತ ಕಟ್ಟಿದ ಎಡಿಟರುಗಳಲ್ಲಿ ಒತ್ತುಗಳ ತುದಿ ಕತ್ತರಿಸಿಹೋಗುತ್ತದೆ. ಅಕ್ಷರಗಳೆಲ್ಲ ಒಂದೇ ಅಗಲ ಇರುತ್ತವೆ ಅಂತ ಲೆಕ್ಕ ಹಾಕುವ ಎಡಿಟರಿನಲ್ಲಿ ಕರ್ಸರ್ ಅಕ್ಷರದ ಹೊಟ್ಟೆಯೊಳಗೆ ನಿಲ್ಲುತ್ತದೆ. ಸಾಲಿನ ಎತ್ತರ ಧಾರಾಳವಾಗಿರಲಿ. ಪರದೆಯಲ್ಲಿ ಒಂದೆರಡು ಸಾಲು ಕಡಿಮೆ ಬಂದರೂ ಪರವಾಗಿಲ್ಲ.

ಇನ್ನು 'ಇಫ್', 'ವೈಲ್' ಇವನ್ನೂ ಕನ್ನಡ ಮಾಡಬೇಕಾ? ಹಿಂದೆ ಹೇಳಿದ ಟೋಕನ್ ಇಲ್ಲಿ ಮತ್ತೆ ನೆರವಿಗೆ ಬರುತ್ತದೆ. ಒಳಗೆ ಇರುವುದು ಒಂದು ಗುರುತು ಮಾತ್ರ ಅಂದಮೇಲೆ, ಅದನ್ನು 'ಆದರೆ' ಅಂತಲೂ ತೋರಿಸಬಹುದು, ಇಂಗ್ಲಿಷಿನಲ್ಲೂ ತೋರಿಸಬಹುದು. ಸ್ಕ್ರ್ಯಾಚ್ ಮಾಡುವುದೂ ಇದನ್ನೇ. ಭಾಷೆ ಬದಲಿಸಿದರೆ ಬ್ಲಾಕಿನ ಮೇಲಿನ ಮಾತು ಬದಲಾಗುತ್ತದೆ, ಪ್ರೋಗ್ರಾಂ ಹಾಗೇ ಇರುತ್ತದೆ. ನಮ್ಮ ಮಕ್ಕಳಿಗೆ ನಾನು ಆಯ್ಕೆ ಬಿಟ್ಟಿದ್ದೇನೆ. ಹೊಸಬರು ಕನ್ನಡದಲ್ಲಿ ಶುರು ಮಾಡುತ್ತಾರೆ. ಕೆಲವು ತಿಂಗಳ ನಂತರ ತಾವೇ ಒಂದು ಗುಂಡಿ ಒತ್ತಿ ಇಂಗ್ಲಿಷಿನಲ್ಲಿ ನೋಡಲು ಶುರು ಮಾಡುತ್ತಾರೆ.

## ಸಿಂಪ್ಯೂಟರಿನಿಂದ ಕಲಿಯುವುದೇನಾದರೂ ಇದೆಯಾ?

ತುಂಬಾ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ವಿ. ವಿನಯ್, ರಮೇಶ್ ಹರಿಹರನ್ ಮತ್ತು ಎನ್‌ಕೋರ್ ಸಾಫ್ಟ್‌ವೇರಿನವರು ಸೇರಿ ಇದನ್ನು ರೂಪಿಸಿದರು. ಮೊದಲ ಮಾದರಿ ಹೊರಬಂದದ್ದು 2001ರಲ್ಲಿ. 2004ರಲ್ಲಿ ಅಮಿಡಾ ಸಿಂಪ್ಯೂಟರ್ ಮಾರುಕಟ್ಟೆಗೆ ಬಂತು. ತಯಾರಿಸಿದ್ದು ಬಿಇಎಲ್. ಒಳಗೆ ಸ್ಟ್ರಾಂಗ್‌ಆರ್ಮ್ ಚಿಪ್ಪು, ಲಿನಕ್ಸ್.

ನನ್ನ ಮನಸ್ಸು ಸೆಳೆದದ್ದು ಎರಡು ಸಂಗತಿ. ಒಂದು, ಐಎಂಎಲ್ ಅನ್ನುವ ಭಾಷೆ. ಮಾಹಿತಿಗೆ ಗುರುತು ಹಚ್ಚಿ ಬರೆಯುವ ಎಕ್ಸ್‌ಎಂಎಲ್ ಪದ್ಧತಿಯ ಮೇಲೆ ಕಟ್ಟಿದ್ದು. ಭಾರತದ ಭಾಷೆಗಳು, ಪಠ್ಯವನ್ನು ಓದಿ ಹೇಳುವ ದನಿ, ಓದು ಬಾರದವರಿಗೆ ಚಿತ್ರ ಇವೆಲ್ಲ ಮೊದಲಿನಿಂದಲೇ ಅದರ ಯೋಜನೆಯಲ್ಲಿದ್ದವು. ಆಮೇಲೆ ಅಂಟಿಸಿದ್ದಲ್ಲ.

ಎರಡು, ಸ್ಮಾರ್ಟ್ ಕಾರ್ಡ್. ಒಂದು ಯಂತ್ರವನ್ನು ಊರಿನ ಹಲವರು ಹಂಚಿಕೊಳ್ಳುತ್ತಾರೆ ಅಂತ ಅವರು ಮೊದಲೇ ಯೋಚಿಸಿದ್ದರು. ನಿಮ್ಮ ಕಾರ್ಡ್ ಹಾಕಿದರೆ ಅದು ನಿಮ್ಮ ಯಂತ್ರ. ತೆಗೆದರೆ ಮುಂದಿನವರದು. ಈಗಿನ ಫೋನ್ 'ಒಬ್ಬರಿಗೆ ಒಂದು' ಅನ್ನುವ ಲೆಕ್ಕದಲ್ಲಿ ಮಾಡಿದ್ದು. ನಮ್ಮ ಮನೆಗಳಲ್ಲಿ ಹಾಗಿಲ್ಲ ಅಲ್ವಾ? ಅಕ್ಕ, ತಮ್ಮ ಇಬ್ಬರೂ ಒಂದೇ ಫೋನಿನಲ್ಲಿ ಕಲಿಯುತ್ತಾರೆ. ಅದಕ್ಕೆ ನನ್ನ ಎಡಿಟರ್ ತೆರೆದ ಕೂಡಲೇ 'ಯಾರು?' ಅಂತ ಕೇಳುತ್ತದೆ. ಪಾಸ್‌ವರ್ಡ್ ಇಲ್ಲ, ಬರೀ ಒಂದು ಚಿತ್ರ ಮುಟ್ಟಬೇಕು. ಆನೆ ಅಕ್ಕನದು, ನವಿಲು ತಮ್ಮನದು. ಈ ಒಂದು ಬದಲಾವಣೆಯಿಂದ ಅಳಿಸಿಹೋದ ಕೋಡಿನ ಜಗಳ ನಿಂತಿತು.

## ಮೆಮೊರಿ, ವೇಗದ ಚಿಂತೆ ಈಗಲೂ ಮಾಡಬೇಕಾ?

ಮೊದಲ ಪಾಮ್ ಪೈಲಟ್ 1000ರಲ್ಲಿ ಇದ್ದದ್ದು 128 ಕಿಲೋಬೈಟ್. ಆ ಚಿಂತೆ ಈಗಿಲ್ಲ. ಈಗಿನ ಚಿಂತೆ ಆಪ್ ಗಾತ್ರ, ಬ್ಯಾಟರಿ, ಇಂಟರ್‌ನೆಟ್. ನೂರಾರು ಮೆಗಾಬೈಟ್ ಆಪ್ ಇಳಿಸಲು ಫೋನಿನಲ್ಲಿ ಜಾಗ ಇರುವುದಿಲ್ಲ. ನೆಟ್ ಇಲ್ಲದೆಯೂ ಎಲ್ಲ ಕೆಲಸ ಆಗಬೇಕು.

## ಆಪ್ ಸ್ಟೋರ್‌ಗಳು ಇಂಥ ಸಾಧನಗಳನ್ನು ಬಿಡುತ್ತವೆಯೇ?

ಬಿಡುತ್ತವೆ, ಆದರೆ ನಿಯಮ ಓದಿಕೊಂಡೇ ಕೆಲಸ ಶುರು ಮಾಡಿ. ಆಪಲ್ 2009ರಲ್ಲಿ ಕಮೊಡೋರ್ 64 ಅನ್ನುವ ಹಳೆಯ ಮನೆ ಕಂಪ್ಯೂಟರಿನ ಎಮ್ಯುಲೇಟರ್ ಒಂದನ್ನು ತೆಗೆದುಹಾಕಿತು. ಕಾರಣ, ಅದರೊಳಗಿನ ಬೇಸಿಕ್ ಭಾಷೆಯನ್ನು ತೆರೆದು ಬಳಸಬಹುದಿತ್ತು. 2010ರಲ್ಲಿ ಸ್ಕ್ರ್ಯಾಚ್ ಪ್ರಾಜೆಕ್ಟ್ ತೋರಿಸುವ ಆಪನ್ನೂ ತೆಗೆದರು. ಆಮೇಲೆ ನಿಯಮ ಸಡಿಲವಾಯಿತು. ಈಗ ಕಲಿಕೆಯ ಆಪ್‌ಗಳಿಗೆ ಅವಕಾಶ ಇದೆ. ಆದರೆ ಓಡುವ ಕೋಡ್ ಬಳಸುವವರಿಗೆ ಪೂರ್ತಿ ಕಾಣಬೇಕು, ತಿದ್ದಲು ಬರಬೇಕು. 2021ರಿಂದ ಐಪ್ಯಾಡಿನಲ್ಲೇ ಸ್ವಿಫ್ಟ್ ಪ್ಲೇಗ್ರೌಂಡ್ಸ್ ಬಳಸಿ ಆಪ್ ಕಟ್ಟಬಹುದು.

ಆಂಡ್ರಾಯ್ಡಿನಲ್ಲೂ ಒಂದು ಗೋಡೆ ಇದೆ. ಆಂಡ್ರಾಯ್ಡ್ 10 ಅಥವಾ ಅದರ ನಂತರದ್ದನ್ನು ಗುರಿಯಾಗಿಟ್ಟು ಕಟ್ಟಿದ ಆಪ್‌ಗಳು ತಾವು ಬರೆಯಬಲ್ಲ ಫೋಲ್ಡರಿನಿಂದ ನೇರವಾಗಿ ಪ್ರೋಗ್ರಾಂ ಫೈಲ್ ಓಡಿಸುವಂತಿಲ್ಲ. ಭದ್ರತೆಗಾಗಿ ಮಾಡಿದ ನಿಯಮ. ಟರ್ಮಕ್ಸ್‌ಗೆ ಪ್ಲೇ ಸ್ಟೋರಿನಲ್ಲಿ ತೊಂದರೆ ಆದದ್ದು ಇದರಿಂದಲೇ. ನೀವು ಆಪ್ ಒಳಗೇ ಇಂಟರ್‌ಪ್ರಿಟರ್ ಇಟ್ಟರೆ ಈ ತೊಡಕು ಬರುವುದಿಲ್ಲ. ಹೊಸಬರಿಗೆ ನನ್ನ ಸಲಹೆ ಅದೇ.

## ಮಾಡಿದ್ದು ಸರಿಯಾಗಿದೆಯಾ ಅಂತ ಹೇಗೆ ತಿಳಿಯುವುದು?

ಕೋಡ್ ಬರೆಯುವ ಮುಂಚೆಯೇ ಪರೀಕ್ಷೆ ಶುರು ಮಾಡಿ. ಪಾಮ್ ರೂಪಿಸಿದ ಜೆಫ್ ಹಾಕಿನ್ಸ್ ಮೊದಲು ಮಾಡಿದ್ದು ಒಂದು ಮರದ ತುಂಡು. ಅದನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿ, ಬೇಕಾದಾಗಲೆಲ್ಲ ಹೊರಗೆ ತೆಗೆದು ಬಳಸುವಂತೆ ಮಾಡಿ ನೋಡುತ್ತಿದ್ದರು. ನೀವು ಫೋನ್ ಗಾತ್ರದ ರಟ್ಟಿನ ಮೇಲೆ ಗುಂಡಿ ಬರೆದು ಮಕ್ಕಳ ಕೈಗೆ ಕೊಡಿ. ಎಲ್ಲಿ ಮುಟ್ಟುತ್ತಾರೆ ನೋಡಿ. ಮಾತಾಡಬೇಡಿ, ತೋರಿಸಿಕೊಡಬೇಡಿ.

ಆಪ್ ಆದಮೇಲೆ ನಿಜವಾದ ಜಾಗಗಳಲ್ಲಿ ನೋಡಿ. ಓಡುವ ಬಸ್ಸಿನಲ್ಲಿ, ಮಧ್ಯಾಹ್ನದ ಬಿಸಿಲಿನಲ್ಲಿ, ಗಾಜು ಒಡೆದ ಹಳೆಯ ಫೋನಿನಲ್ಲಿ, ಒಂದೇ ಹೆಬ್ಬೆರಳಿನಲ್ಲಿ. ನಾನು ಇಟ್ಟುಕೊಂಡ ಅಳತೆ ಒಂದೇ: ಆಪ್ ತೆರೆದಾಗಿನಿಂದ ಮಗು ತನ್ನ ಹೆಸರನ್ನು ಪರದೆಯ ಮೇಲೆ ಬರಿಸುವವರೆಗೆ ಎಷ್ಟು ಹೊತ್ತು. ಶುರುವಿನಲ್ಲಿ ಕಾಲು ಗಂಟೆ ಹಿಡಿಯುತ್ತಿತ್ತು. ಈಗ ಒಂದು ನಿಮಿಷ. ಆ ಒಂದು ನಿಮಿಷಕ್ಕೆ ಬರಲು ಕೀಲಿಮಣೆಯನ್ನು ನಾಲ್ಕು ಸಲ ಮೊದಲಿನಿಂದ ಕಟ್ಟಿದೆ.

## ಮನೆಯಲ್ಲಿ ಹಳೆಯ ಪಾಮ್ ಸಿಕ್ಕಿದೆ. ಅದರಲ್ಲಿ ಪ್ರಯೋಗ ಮಾಡಬಹುದಾ?

ಖಂಡಿತ ಮಾಡಿ. ಆನ್ ಮಾಡಿದ ಕೂಡಲೇ ಎಷ್ಟು ಬೇಗ ಕೆಲಸಕ್ಕೆ ನಿಲ್ಲುತ್ತದೆ ಅಂತ ನೋಡಿದರೇ ನಿಮಗೆ ಹೊಸ ಆಲೋಚನೆ ಹೊಳೆಯುತ್ತದೆ. ಒಂದು ಎಚ್ಚರಿಕೆ: ಹಳೆಯ ಮಾದರಿಗಳಲ್ಲಿ ಬ್ಯಾಟರಿ ಪೂರ್ತಿ ಸತ್ತರೆ ಒಳಗಿನ ಮೆಮೊಗಳೆಲ್ಲ ಅಳಿಸಿಹೋಗುತ್ತವೆ. ಯಂತ್ರ ಇನ್ನೂ ಜೀವ ಹಿಡಿದಿದ್ದರೆ ಮೊದಲು ಅದರಲ್ಲಿರುವುದನ್ನು ನಕಲು ಮಾಡಿಕೊಳ್ಳಿ. ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿದ್ದರೆ ಬ್ಯಾಟರಿ ಸೋರಿ ತುಕ್ಕು ಹಿಡಿದಿರುತ್ತದೆ. ಹಿಂಬದಿಯ ಮುಚ್ಚಳ ತೆಗೆದು, ಲೋಹದ ಪಟ್ಟಿಗಳನ್ನು ವಿನೆಗರ್ ಹಚ್ಚಿದ ಹತ್ತಿಯಿಂದ ಮೆಲ್ಲಗೆ ಒರೆಸಿ, ಪೂರ್ತಿ ಒಣಗಿದ ಮೇಲೆ ಹೊಸ ಬ್ಯಾಟರಿ ಹಾಕಿ.